ತಲೆಮಾರು ದಾಟುವ ಒಡವೆ ಪೆಟ್ಟಿಗೆ: ಅಳತೆಯಿಂದ ಪಾಲಿಶ್‌ವರೆಗೆ

ಮಗಳ ಮದುವೆಗೋ, ತಂಗಿಯ ಸೀಮಂತಕ್ಕೋ ಕೈಯಾರೆ ಒಂದು ಒಡವೆ ಪೆಟ್ಟಿಗೆ ಮಾಡಿಕೊಡಬೇಕು ಅಂದುಕೊಂಡವರು ಮೊದಲು ಯೋಚಿಸುವುದು ಮುಚ್ಚಳದ ಮೇಲೆ ಏನು ಕೆತ್ತಿಸೋಣ ಅಂತ. ನವಿಲೋ, ಗಂಡಭೇರುಂಡವೋ, ಅವಳ ಹೆಸರೋ? ನನ್ನ ಲೆಕ್ಕದಲ್ಲಿ ಅದು ಕಟ್ಟಕಡೆಯ ಪ್ರಶ್ನೆ. ಹಳೆಯ ಪೆಟ್ಟಿಗೆಗಳು ಅಟ್ಟ ಸೇರುವುದು ಕೆತ್ತನೆ ಚೆನ್ನಾಗಿಲ್ಲ ಅಂತಲ್ಲ. ಕೀಲು ಕಿತ್ತುಬಂದಿರುತ್ತದೆ, ತಳ ಸೀಳಿರುತ್ತದೆ, ಅಂಟಿಸಿದ ವೆಲ್ವೆಟ್ ಪುಡಿಯಾಗಿ ಉದುರುತ್ತಿರುತ್ತದೆ. ಸರಿಮಾಡೋಣ ಅಂದರೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಬಿಚ್ಚಲು ಆಗುವುದಿಲ್ಲ.

ಹಾಗಾಗಿ ಇಲ್ಲಿ ಹೇಳುವ ವಿಧಾನದ ಹಿಂದಿರುವುದು ಒಂದೇ ಹಟ. ಮೂಲೆಗಳನ್ನೂ ಅವುಗಳ ನಡುವೆ ಸಿಕ್ಕಿಕೊಂಡಿರುವ ತಳ, ಮೇಲಿನ ಹಲಗೆಯನ್ನೂ ಬಿಟ್ಟು ಬೇರೆ ಎಲ್ಲವೂ ಬಿಚ್ಚುವಂತಿರಬೇಕು. ಐವತ್ತು ವರ್ಷದ ನಂತರ ಯಾರೋ ಒಬ್ಬ ಬಡಗಿ, ನಿಮ್ಮನ್ನು ಕೇಳದೆ, ಒಂದು ಸ್ಕ್ರೂಡ್ರೈವರ್ ಹಿಡಿದು ರಿಪೇರಿ ಮಾಡುವಂತಿರಬೇಕು.

ನಿಮಗೆ ಗರಗಸ, ಉಳಿ, ಉಜ್ಜುಗೊರಡು ಹಿಡಿದು ಸ್ವಲ್ಪ ಅಭ್ಯಾಸ ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಮೊದಲು ಅಗ್ಗದ ಸಿಲ್ವರ್ ಓಕ್ ಹಲಗೆಯಲ್ಲಿ ಇದೇ ಪೆಟ್ಟಿಗೆಯನ್ನು ಒಮ್ಮೆ ಮಾಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ ಅದು. ಅಂಥದ್ದರಲ್ಲಿ ಮಾಡಿದ ಪೆಟ್ಟಿಗೆ ನೂಲು, ಸೂಜಿ ಇಡಲು ಆಯಿತು.

ಒಳಗಿನಿಂದ ಅಳತೆ ಶುರು ಮಾಡಿ

ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಒಡವೆಯೇ ಹೇಳುತ್ತದೆ. ಅದರಲ್ಲೂ ಬಳೆ. ಉಳಿದವೆಲ್ಲ ಮಡಚಿಕೊಳ್ಳುತ್ತವೆ, ಸುತ್ತಿಕೊಳ್ಳುತ್ತವೆ. ಬಳೆ ಮಾತ್ರ ಬಗ್ಗುವುದಿಲ್ಲ.

ಬಳೆ ಅಂಗಡಿಯವರು ಹೇಳುವ ಅಳತೆ ಇಂಚು ಮತ್ತು ಇಂಚಿನ ಹದಿನಾರನೇ ಭಾಗದ ಲೆಕ್ಕ. 2-4 ಅಂದರೆ ಒಳ ಅಡ್ಡಳತೆ ಎರಡು ಇಂಚು ಮತ್ತು 4/16, ಅಂದರೆ ಸುಮಾರು 57 ಮಿ.ಮೀ. 2-6 ಅಂದರೆ 60 ಮಿ.ಮೀ., 2-8 ಅಂದರೆ 63.5 ಮಿ.ಮೀ. ಇದಕ್ಕೆ ಬಳೆಯ ದಪ್ಪ ಎರಡೂ ಕಡೆ ಸೇರಿಸಿ. 2-6 ಅಳತೆಯ, 5 ಮಿ.ಮೀ. ದಪ್ಪದ ಬಳೆ ನಿಂತಾಗ 70 ಮಿ.ಮೀ. ಎತ್ತರ ಬರುತ್ತದೆ. ಕಡಗ ಇದ್ದರೆ ಇನ್ನೂ ಜಾಸ್ತಿ. ಯಾರಿಗೆ ಕೊಡುತ್ತೀರೋ ಅವರ ಬಳೆಯ ಅಳತೆ ಮೊದಲು ತಿಳಿದುಕೊಳ್ಳಿ. ಅವರ ತಾಯಿಯನ್ನು ಕೇಳಿದರೆ ಗುಟ್ಟೂ ಉಳಿಯುತ್ತದೆ.

ಆಮೇಲೆ ಸರಗಳು. ಕಾಸಿನ ಸರ, ಅವಲಕ್ಕಿ ಸರ, ಅಡ್ಡಿಕೆ ಇಂಥವನ್ನು ಒಂದರ ಮೇಲೊಂದು ರಾಶಿ ಹಾಕಿದರೆ ಕೊಂಡಿಗಳು ಸಿಕ್ಕಿಕೊಳ್ಳುತ್ತವೆ. ಅಗಲವಾದ, ತಗ್ಗಾದ ಜಾಗದಲ್ಲಿ ಬಿಲ್ಲಿನ ಹಾಗೆ ಬಳಸಿ ಇಡುವಂತಿರಬೇಕು. ಕೊಡಗಿನ ಜೋಮಾಲೆಯಂಥ, ಒಳಗೆ ಅರಗು ತುಂಬಿದ ಪೊಳ್ಳು ಗುಂಡುಗಳ ಸರಕ್ಕೆ ಮೇಲಿನಿಂದ ಭಾರ ಬೀಳಬಾರದು, ನಜ್ಜಾದರೆ ತೆಗೆಯುವುದು ಕಷ್ಟ. ಮುತ್ತು ಮೆದು. ಚಿನ್ನದ ಜೊತೆ ಒಂದೇ ಮನೆಯಲ್ಲಿ ಇಟ್ಟರೆ ಗೀರು ಬೀಳುತ್ತದೆ, ಅದಕ್ಕೆ ಬೇರೆ ಜಾಗ ಬೇಕು.

ಇನ್ನೊಂದು ಮಾತು, ಎಷ್ಟೋ ಮನೆಗಳಲ್ಲಿ ಭಾರೀ ಒಡವೆ ಇರುವುದು ಬ್ಯಾಂಕ್ ಲಾಕರಿನಲ್ಲಿ. ಪೆಟ್ಟಿಗೆಯೂ ಅಲ್ಲೇ ಹೋಗಬೇಕು ಅನ್ನುವುದಾದರೆ ಲಾಕರಿನ ಬಾಯಿ ಅಳೆದುಕೊಂಡು ಬನ್ನಿ. ಇಲ್ಲ, ದಿನಬಳಕೆಯ ಓಲೆ, ಬಳೆ, ಮೂಗುಬೊಟ್ಟು, ಹಬ್ಬದ ಒಂದೆರಡು ಸರಕ್ಕೆ ಅನ್ನುವುದಾದರೆ ಕೆಳಗಿನ ಅಳತೆ ಸಾಕು.

ಒಳಗೆ ಉದ್ದ 260, ಅಗಲ 180, ಎತ್ತರ 100 ಮಿ.ಮೀ. ಕೆಳಗಿನ 72 ಮಿ.ಮೀ. ಬಳೆ ಮತ್ತು ಸರಕ್ಕೆ, ಮೇಲಿನ 24 ಮಿ.ಮೀ. ಜಾರುವ ತಟ್ಟೆಗೆ, ಉಳಿದದ್ದು ಬಟ್ಟೆಯ ಒಳಪದರಕ್ಕೆ. ಎಡಗಡೆ 75 ಮಿ.ಮೀ. ಜಾಗದಲ್ಲಿ ಬಳೆಯ ದಿಂಡು ಅಡ್ಡಲಾಗಿ ಕೂರುತ್ತದೆ, ಬಲಗಡೆ ಸುಮಾರು 180 ಮಿ.ಮೀ. ಚೌಕ ಸರಗಳಿಗೆ. ತಟ್ಟೆ ಪೆಟ್ಟಿಗೆಯ ಅರ್ಧ ಉದ್ದ ಮಾತ್ರ ಇರಲಿ. ಎಡಕ್ಕೆ ತಳ್ಳಿದರೆ ಸರ ಸಿಗುತ್ತದೆ, ಬಲಕ್ಕೆ ತಳ್ಳಿದರೆ ಬಳೆ ಸಿಗುತ್ತದೆ. ಪೂರ್ತಿ ಅಳತೆಯ ತಟ್ಟೆ ಮಾಡಿದರೆ ಪ್ರತಿ ಸಲ ಎತ್ತಿ ಮಂಚದ ಮೇಲಿಡಬೇಕು. ಮೂಗುಬೊಟ್ಟು ಕಳೆದುಹೋಗುವುದು ಅಂಥ ಹೊತ್ತಿನಲ್ಲೇ.

ಮರ ಯಾವುದು

ತೇಗಕ್ಕಿಂತ ಹೊಂದುವ ಮರ ಹುಡುಕುವುದು ಕಷ್ಟ. ಹಿಗ್ಗುವುದು ಕುಗ್ಗುವುದು ಕಡಿಮೆ, ಚೇಗಿಗೆ (ಮರದ ಒಳಗಿನ ಗಟ್ಟಿ ಭಾಗಕ್ಕೆ) ಹುಳ ಬೀಳುವುದೂ ಕಡಿಮೆ. ಎರಡು ಕಿರಿಕಿರಿ ಮಾತ್ರ. ಅದರೊಳಗಿನ ಸಿಲಿಕಾದಿಂದ ಉಳಿ ಬೇಗ ಮೊಂಡಾಗುತ್ತದೆ. ಎಣ್ಣೆ ಅಂಶದಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅಂಟಿಸುವ ಮುಂಚೆ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಬೇಕು.

ಹಲಸು ನನಗೆ ತುಂಬಾ ಇಷ್ಟದ ಮರ. ವೀಣೆಯ ಕೊಡಕ್ಕೂ ಬಳಸುತ್ತಾರೆ. ಹೊಸದರಲ್ಲಿ ಹಳದಿ, ವರ್ಷಗಳು ಕಳೆದ ಹಾಗೆ ಜೇನುಕಂದು. ಬೀಟೆ ಅಂದ, ನಿಜ. ಆದರೆ ದುಬಾರಿ, ಬಿಲ್ ಇಲ್ಲದೆ ಯಾರೋ ಕೊಟ್ಟ ತುಂಡನ್ನು ಮುಟ್ಟಲೇಬೇಡಿ. ಜೊತೆಗೆ ಬೀಟೆಯೂ ಸೇರಿ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳು 2017ರಿಂದ ಸೈಟ್ಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೇ ಅನುಬಂಧದಲ್ಲಿವೆ. ವಿದೇಶಕ್ಕೆ ಕಳಿಸುವ ಉಡುಗೊರೆಯಾದರೆ ಕಾಗದಪತ್ರದ ನಿಯಮ ನೋಡಿಕೊಳ್ಳಿ, ಇಲ್ಲವೇ ಬೀಟೆಯನ್ನು ಸುಮ್ನೆ ಬಿಟ್ಟುಬಿಡಿ. ಬೀಟೆ, ತೇಗ ಎರಡರ ಧೂಳೂ ಕೆಲವರ ಚರ್ಮಕ್ಕೆ, ಉಸಿರಿಗೆ ಆಗುವುದಿಲ್ಲ. ಮಾಸ್ಕ್ ಹಾಕಿಕೊಂಡೇ ಉಜ್ಜಿ.

ಎಲ್ಲಕ್ಕಿಂತ ಒಳ್ಳೆಯದು ಮನೆಯದೇ ಹಳೆಯ ಮರ. ತೊಟ್ಟಿಮನೆ ಕೆಡವಿದಾಗ ಉಳಿದ ಬಾಗಿಲು, ಅಜ್ಜಿಯ ಮಂಚದ ಪಟ್ಟಿ, ಮುರಿದ ತೊಟ್ಟಿಲು. ಹತ್ತಾರು ವರ್ಷ ಒಣಗಿದ ತೇಗ ಅಂಗಡಿಯಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಒಂದು ಕಥೆಯೂ ಇರುತ್ತದೆ. ಗರಗಸ ಇಡುವ ಮುಂಚೆ ಒಂದು ಬಲವಾದ ಅಯಸ್ಕಾಂತವನ್ನು ಮರದ ಮೇಲೆಲ್ಲ ಆಡಿಸಿ. ಒಳಗೆ ಮುರಿದ ಮೊಳೆ ಇದ್ದರೆ ಅಲ್ಲಿ ಎಳೆಯುತ್ತದೆ. ಅಂಚಿನ ಬಿಳಿ ಭಾಗವನ್ನು ಪೂರ್ತಿ ತೆಗೆದು ಬಿಸಾಡಿ, ಕೊರೆಯುವ ಹುಳು ಶುರುವಾಗುವುದೇ ಅಲ್ಲಿಂದ.

ಹೊಸ ಹಲಗೆ ತಂದಿದ್ದರೆ, ಪೆಟ್ಟಿಗೆ ಮಾಡುವ ಕೋಣೆಯಲ್ಲೇ ಎರಡು ಮೂರು ವಾರ ಗಾಳಿಯಾಡುವಂತೆ ಇಡಿ. ಹಲಗೆಗಳ ನಡುವೆ ಸಣ್ಣ ರೀಪು ಕೊಡಿ. ತೇವಾಂಶದ ಮೀಟರ್ ಇದ್ದರೆ 12 ಶೇಕಡಾಕ್ಕಿಂತ ಕೆಳಗೆ ಬರುವ ತನಕ ಕಾಯಿರಿ. ಮೀಟರ್ ಇಲ್ಲದಿದ್ದರೆ ಒಂದು ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಕೋಣೆಯ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ.

ಮರ ಉಸಿರಾಡುತ್ತದೆ, ಅದಕ್ಕೆ ಜಾಗ ಕೊಡಿ

ಪೆಟ್ಟಿಗೆ ಉಳಿಯುತ್ತದೋ ಸೀಳುತ್ತದೋ ಅನ್ನುವುದು ನಿರ್ಧಾರವಾಗುವುದು ಇಲ್ಲಿ. ಮರ ಉದ್ದಕ್ಕೆ ಬದಲಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತೇಗವೇ ಆದರೂ, ಸಾಮಾನ್ಯ ಸೀಳಿನ 190 ಮಿ.ಮೀ. ಅಗಲದ ಹಲಗೆ ತೇವಾಂಶ 4 ಶೇಕಡಾ ಬದಲಾದರೆ ಸುಮಾರು ಒಂದೂವರೆ ಮಿ.ಮೀ. ಓಡಾಡುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದ ಹಲಗೆಯಾದರೆ ಅದರ ಅರ್ಧ. ತಳವನ್ನು ನಾಲ್ಕೂ ಕಡೆ ಅಂಟು ಹಾಕಿ, ಮೊಳೆ ಹೊಡೆದು ಬಿಗಿದರೆ ಈ ಒಂದೂವರೆ ಮಿ.ಮೀ. ಎಲ್ಲಿಗೆ ಹೋಗಬೇಕು? ಒಂದೋ ತಳ ಸೀಳುತ್ತದೆ, ಇಲ್ಲ ಮೂಲೆ ಬಾಯಿ ಬಿಡುತ್ತದೆ.

ಅದಕ್ಕೆ ಉಪಾಯ ಹಳೆಯದೇ. ಗೋಡೆಗಳ ಒಳಮೈಯಲ್ಲಿ ಗಾಡಿ (ಹಲಗೆಯ ಅಂಚು ಕೂರುವ ಉದ್ದನೆಯ ತೋಡು) ಕೊರೆದು, ತಳ ಮತ್ತು ಮೇಲಿನ ಹಲಗೆಯನ್ನು ಅಂಟಿಲ್ಲದೆ ಅದರೊಳಗೆ ಕೂರಿಸುವುದು. ಗಾಡಿಯ ಆಳ 5 ಮಿ.ಮೀ. ಇಟ್ಟರೆ ಪೂರ್ತಿ ಅಗಲ 190 ಆಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಾಡುತ್ತಿದ್ದರೆ ಹಲಗೆಯನ್ನು 187ಕ್ಕೆ ಕತ್ತರಿಸಿ, ಹಿಗ್ಗಲು ಜಾಗ ಉಳಿಯುತ್ತದೆ. ಜುಲೈನ ಮಳೆಯಲ್ಲಿ ಮಾಡುತ್ತಿದ್ದರೆ ಮರ ಆಗಲೇ ಉಬ್ಬಿರುತ್ತದೆ, 189 ಸಾಕು. ಉದ್ದ 269. ಇನ್ನೊಂದು ಗುಟ್ಟು, ಈ ಎರಡು ಹಲಗೆಗಳಿಗೆ ಜೋಡಿಸುವ ಮುಂಚೆಯೇ ಪಾಲಿಶ್ ಮುಗಿಸಿ. ಇಲ್ಲದಿದ್ದರೆ ಮೊದಲ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಪಾಲಿಶ್ ಕಾಣದ ಬಿಳಿ ಗೆರೆ ಇಣುಕುತ್ತದೆ.

ಕತ್ತರಿಸುವುದು, ಜೋಡಿಸುವುದು

12 ಮಿ.ಮೀ. ದಪ್ಪ, 126 ಮಿ.ಮೀ. ಅಗಲ, 1.2 ಮೀಟರ್ ಉದ್ದದ ಒಂದೇ ಹಲಗೆಯಿಂದ ನಾಲ್ಕೂ ಗೋಡೆ ತೆಗೆಯಿರಿ. 126 ಯಾಕೆ ಅಂದರೆ ಒಳ ಎತ್ತರ 100, ತಳ ಮತ್ತು ಮೇಲಿನ ಹಲಗೆ ತಲಾ 6, ಅವುಗಳ ಹೊರಗಿನ ಅಂಚು ತಲಾ 5, ಉಳಿದ 4 ಮುಚ್ಚಳ ಬೇರ್ಪಡಿಸುವಾಗ ಗರಗಸಕ್ಕೆ ಮತ್ತು ಉಜ್ಜಲು. ಉದ್ದದ ಗೋಡೆ 284, ಅಡ್ಡ ಗೋಡೆ 204. ಕತ್ತರಿಸುವ ಸರದಿ ಮುಖ್ಯ. ಹಿಂದಿನದು, ಎಡದ್ದು, ಮುಂದಿನದು, ಬಲದ್ದು. ಹೀಗೆ ಮಾಡಿದರೆ ಮರದ ಎಳೆ ಮೂರು ಮೂಲೆಗಳಲ್ಲಿ ಕಡಿಯದೆ ಪೆಟ್ಟಿಗೆಯ ಸುತ್ತ ಹರಿಯುತ್ತದೆ. ನಾಲ್ಕನೆಯ ಮೂಲೆ ಹೊಂದುವುದಿಲ್ಲ, ಅದು ಹಿಂದುಗಡೆಗೆ ಬರುತ್ತದೆ. ಯಾವ ಕೆತ್ತನೆಯೂ ಇದರಷ್ಟು ಅಂದ ಕೊಡುವುದಿಲ್ಲ ಅನ್ನುವುದು ನನ್ನ ಹಟ.

ಮೂಲೆಗೆ ಡವ್‌ಟೇಲ್ (ಪಾರಿವಾಳದ ಬಾಲದಂಥ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಜೋಡಣೆ) ಮಾಡಬಹುದು, ಗಟ್ಟಿಯೂ ಹೌದು. ಆದರೆ ಎಳೆ ಸುತ್ತುವ ಚೆಲುವಿಗೆ 45 ಡಿಗ್ರಿಯ ಓರೆ ಜೋಡಣೆಯೇ ಸರಿ. ಅದರಲ್ಲಿ ಗಾಡಿಯನ್ನು ಹಲಗೆಯ ಈ ತುದಿಯಿಂದ ಆ ತುದಿಗೆ ನೇರವಾಗಿ ಹೊಡೆಯಬಹುದು, ತುದಿ ಹೊರಗೆ ಕಾಣುವುದಿಲ್ಲ. ತುದಿಗಳನ್ನು ಗರಗಸದಿಂದ ಕತ್ತರಿಸಿ, 45 ಡಿಗ್ರಿಯ ಮರದ ಆಸರೆ ಇಟ್ಟುಕೊಂಡು ಉಜ್ಜುಗೊರಡಿನಿಂದ ನಯ ಮಾಡಿ. ಎದುರುಬದುರಿನ ಗೋಡೆಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರದು. ಕೋನ ಸರಿಯಿದ್ದು ಉದ್ದ ತಪ್ಪಿದರೂ ಮೂಲೆ ಕೂಡುವುದಿಲ್ಲ.

ಅಂಟಿಸಲು ಕ್ಲಾಂಪ್ ಬೇಕಿಲ್ಲ, ಅಗಲ ಟೇಪ್ ಸಾಕು. ನಾಲ್ಕೂ ಗೋಡೆಗಳನ್ನು ಹೊರಮೈ ಮೇಲಾಗಿ, ಸರದಿಯಲ್ಲಿ, ತುದಿಗೆ ತುದಿ ತಾಗಿಸಿ ಮಲಗಿಸಿ. ಸೇರುವ ಕಡೆ ಟೇಪನ್ನು ಎಳೆದು ಅಂಟಿಸಿ. ಇಡೀ ಸಾಲನ್ನು ಮಗುಚಿ. ಓರೆ ತುದಿಗಳಿಗೆ ಮೊದಲು ನೀರು ಬೆರೆಸಿದ ತೆಳು ಫೆವಿಕಾಲ್ ಸವರಿ ಹತ್ತು ನಿಮಿಷ ಬಿಡಿ, ಮರ ಕುಡಿಯಲಿ. ಆಮೇಲೆ ಗಟ್ಟಿ ಅಂಟು. ತಳ ಮತ್ತು ಮೇಲಿನ ಹಲಗೆಯನ್ನು ಗಾಡಿಗೆ ಸೇರಿಸುತ್ತಾ ಗೋಡೆಗಳನ್ನು ಮಡಚಿ, ಕೊನೆಯ ಮೂಲೆಗೆ ಟೇಪ್ ಬಿಗಿಯಿರಿ. ಕೂಡಲೇ ಮೂಲೆಯಿಂದ ಮೂಲೆಗೆ ಹೊರಗಡೆ ಅಳೆಯಿರಿ. ಎರಡೂ ಕರ್ಣ ಒಂದೇ ಬಂದರೆ ಚೌಕ ಸರಿಯಿದೆ. ಬರದಿದ್ದರೆ ಉದ್ದ ಬಂದ ಕಡೆ ಮೆಲ್ಲಗೆ ಒತ್ತಿ. ಈಗ ನಿಮ್ಮ ಮುಂದಿರುವುದು ಬಾಯಿಯೇ ಇಲ್ಲದ ಡಬ್ಬ. ಗಾಬರಿ ಬೇಡ, ಹಾಗೇ ಇರಬೇಕು.

ಹಳೇ ಕಾಲದ ಮರವಜ್ರ ಬಳಸಬಾರದೇ ಅಂತ ಕೇಳುವವರಿದ್ದಾರೆ. ಬಿಸಿ, ತೇವ ಕೊಟ್ಟರೆ ಬಿಟ್ಟುಕೊಳ್ಳುವ ಅಂಟು ಅದು, ರಿಪೇರಿಗೆ ಒಳ್ಳೆಯದು. ಆದರೆ ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ನನಗೆ ಧೈರ್ಯ ಸಾಲದು.

ಓರೆ ಮೂಲೆ ಬರೀ ಅಂಟಿನ ಮೇಲೆ ಬಹಳ ಕಾಲ ನಿಲ್ಲುವುದಿಲ್ಲ. ಒಂದು ದಿನ ಒಣಗಿದ ಮೇಲೆ ಪ್ರತಿ ಮೂಲೆಗೂ ಅಡ್ಡಲಾಗಿ ಗರಗಸದ ಸೀಳು ಹಾಕಿ, ಅದೇ ದಪ್ಪದ ಬೇರೆ ಬಣ್ಣದ ಮರದ ತೆಳು ಬಿಲ್ಲೆ ಅಂಟಿಸಿ. ತೇಗಕ್ಕೆ ಹಲಸಿನ ಬಿಲ್ಲೆ ಚೆನ್ನಾಗಿ ಎದ್ದು ಕಾಣುತ್ತದೆ. ಮುಚ್ಚಳ ಬೇರ್ಪಡುವ ಗೆರೆ ಮೇಲಿನಿಂದ 35 ಮಿ.ಮೀ. ಅಲ್ಲಿ ಬಿಲ್ಲೆ ಬರಬಾರದು. ಹಾಗಾಗಿ ಮೇಲಿನಿಂದ 17 ಮಿ.ಮೀ. ಬಳಿ ಒಂದು, ಕೆಳಗಿನ ಭಾಗದಲ್ಲಿ ಎರಡು.

ಈಗ ಮುಚ್ಚಳ. ಸುತ್ತಲೂ 35 ಮಿ.ಮೀ.ಗೆ ಆಳವಾಗಿ ಗೆರೆ ಎಳೆಯಿರಿ. ತೆಳು ಹಲ್ಲಿನ ಗರಗಸದಿಂದ ಒಂದೊಂದೇ ಬದಿಯನ್ನು ಸ್ವಲ್ಪ ಸ್ವಲ್ಪ ಕೊಯ್ಯುತ್ತಾ ಸುತ್ತು ಬನ್ನಿ. ಒಂದೇ ಕಡೆಯಿಂದ ಕೊನೆಯವರೆಗೆ ಹೋದರೆ ಗರಗಸ ದಾರಿ ತಪ್ಪುತ್ತದೆ. ಬೇರ್ಪಟ್ಟ ಮೇಲೆ ಎರಡೂ ಬಾಯಿಗಳನ್ನು ಸಮ ಮಾಡಬೇಕು. ಅಡುಗೆಕಟ್ಟೆಗೆ ಹಾಕಿಸಿ ಉಳಿದ ಗ್ರಾನೈಟ್ ತುಂಡು ಇದ್ದರೆ ಅದರ ಮೇಲೆ ಉಪ್ಪುಕಾಗದ ಅಂಟಿಸಿ, ಪೆಟ್ಟಿಗೆಯನ್ನು ಕವುಚಿ ಉಜ್ಜಿ. ಪೆನ್ಸಿಲ್ ಗೀಟು ಹಾಕಿಕೊಂಡು ಉಜ್ಜಿದರೆ ಎಲ್ಲಿ ತಗ್ಗಿದೆ ಗೊತ್ತಾಗುತ್ತದೆ. ಒಂದೇ ಮರದಿಂದ ಕೊಯ್ದ ಮುಚ್ಚಳ ಆದ್ದರಿಂದ ಎಳೆ ಮೇಲಿಂದ ಕೆಳಗೂ ಕೂಡುತ್ತದೆ.

ಕೀಲು, ಬೀಗ

ಘನ ಹಿತ್ತಾಳೆಯ ಕೀಲು ತನ್ನಿ. ಹಿತ್ತಾಳೆ ಬಣ್ಣ ಬಳಿದ ಕಬ್ಬಿಣ ಬೇಡ, ಅಯಸ್ಕಾಂತ ಹಿಡಿದರೆ ಬಣ್ಣ ಬಯಲಾಗುತ್ತದೆ. ಕೀಲಿನ ಎಲೆಯಷ್ಟೇ ಆಳಕ್ಕೆ ಉಳಿಯಿಂದ ಗುಳಿ ಮಾಡಿ. ಹಿತ್ತಾಳೆ ಸ್ಕ್ರೂ ಮೆದು, ತೇಗದಲ್ಲಿ ತಲೆ ಮುರಿದುಕೊಳ್ಳುತ್ತದೆ. ಮೊದಲು ಸಣ್ಣ ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆಯಿರಿ. ಆಮೇಲೆ ಹಿತ್ತಾಳೆಯದಕ್ಕೆ ಜೇನುಮೇಣ ಸವರಿ ಹಾಕಿ. ಮುಚ್ಚಳ ಹಿಂದಕ್ಕೆ ಬೀಳದಂತೆ ಒಂದು ತೆಳು ಸರಪಳಿ ಹಾಕಲೇಬೇಕು. ಕೀಲು ಕಿತ್ತುಬರುವುದು ಮುಚ್ಚಳದ ಭಾರಕ್ಕೆ, ಹಳತಾಗಿದ್ದಕ್ಕಲ್ಲ.

ಬೀಗ ಹಾಕಬೇಡಿ ಅನ್ನುತ್ತೇನೆ. ಕಳ್ಳ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ಕೀಲಿಕೈ ಕಳೆದರೆ ಮನೆಯವರೇ ಚಾಕು ಹಾಕಿ ಎಬ್ಬಿ ಬಾಯಿ ಹಾಳು ಮಾಡುತ್ತಾರೆ. ಹಿಡಿಯಲು ಒಂದು ಸಣ್ಣ ಗುಬ್ಬಿ ಸಾಕು. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸಿ, ಅರಗಿನ ಬಣ್ಣ ಹಚ್ಚುವವರ ಬಳಿ ಒಂದು ಗುಬ್ಬಿಯನ್ನೂ 50 ಮಿ.ಮೀ. ದಪ್ಪದ ಬಳೆ ದಿಂಡನ್ನೂ ಮಾಡಿಸಿಕೊಂಡರೆ ಪೆಟ್ಟಿಗೆಗೆ ಜೀವ ಬರುತ್ತದೆ. ದಿಂಡನ್ನು ಎರಡು ಬದಿಯಲ್ಲಿ ಅರ್ಧಚಂದ್ರದ ಆಸರೆಗಳ ಮೇಲೆ ಕೂರಿಸಿ, ಅದರ ನಡುಮಧ್ಯ ತಳದಿಂದ 42 ಮಿ.ಮೀ. ಎತ್ತರದಲ್ಲಿರಲಿ. ಎತ್ತಿದರೆ ಹೊರಗೆ ಬರಬೇಕು. ಸುಮಾರು 30 ಬಳೆ ಹಿಡಿಯುತ್ತದೆ.

ಒಳಗಿನ ಬಟ್ಟೆ

ಪೆಟ್ಟಿಗೆಯ ಒಳಗೆ ಬೆಳ್ಳಿ ಕಪ್ಪಾದರೆ ಎಲ್ಲರೂ ಗಾಳಿಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಒಳಪದರದ್ದು. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕದ ಅಂಶ. ಉಣ್ಣೆಯ ಫೆಲ್ಟ್‌ನಲ್ಲಿ ಅದು ಇದೆ, ರಬ್ಬರ್ ಬ್ಯಾಂಡಿನಲ್ಲೂ ಇದೆ. ಉಂಗುರ ಸಿಕ್ಕಿಸಲು ಹಾಕುವ ಸ್ಪಂಜು ಕೆಲವು ವರ್ಷಕ್ಕೆ ಅಂಟಂಟಾಗಿ ಪುಡಿಯಾಗುತ್ತದೆ. ಹೀಗಾಗಿ ಹತ್ತಿ ಬಟ್ಟೆಯೇ ಲೇಸು. ಗಂಜಿ ಪೂರ್ತಿ ಹೋಗುವಂತೆ ಎರಡು ಸಲ ತೊಳೆದು ಒಣಗಿಸಿ, ಗಂಜಿಗೆ ಹುಳ ಬರುತ್ತದೆ. ಅಮ್ಮನ ಹಳೆಯ ಹತ್ತಿ ಸೀರೆ ಇದ್ದರೆ ಅದಕ್ಕಿಂತ ಬೇರೆ ಬೇಡ. ಗುಳೇದಗುಡ್ಡದ ಖಣ ಮುಚ್ಚಳದ ಒಳಮೈಗೆ ಬಹಳ ಒಪ್ಪುತ್ತದೆ. ಜರಿ ಇರುವ ಭಾಗ ಒಡವೆಗೆ ತಾಗದಂತೆ ನೋಡಿಕೊಳ್ಳಿ.

ಬಟ್ಟೆಯನ್ನು ಮರಕ್ಕೆ ಅಂಟಿಸಲೇಬೇಡಿ. ಗಟ್ಟಿ ರಟ್ಟನ್ನು ಒಳ ಅಳತೆಗಿಂತ ಒಂದೂವರೆ ಮಿ.ಮೀ. ಕಡಿಮೆ ಕತ್ತರಿಸಿ. ಮೇಲೆ ತೆಳುವಾಗಿ ಹತ್ತಿ ಹರಡಿ, ಬಟ್ಟೆ ಹೊದಿಸಿ, ಹಿಂದುಗಡೆ ದಾರದಿಂದ ಅತ್ತಿತ್ತ ಎಳೆದು ಹೊಲಿಯಿರಿ. ತಳಕ್ಕೊಂದು, ಗೋಡೆಗಳಿಗೆ ನಾಲ್ಕು. ತಳದ್ದು ಮೊದಲು ಕೂರಲಿ, ಗೋಡೆಯವು ಅದರ ಮೇಲೆ ಒತ್ತಿ ನಿಲ್ಲುತ್ತವೆ. ಗೋಡೆಯ ರಟ್ಟಿನ ಎತ್ತರ 72 ಮಿ.ಮೀ.ಗೆ ನಿಲ್ಲಿಸಿ. ಅದರ ಮೇಲೆ ಉದ್ದದ ಎರಡೂ ಗೋಡೆಗೆ 4 ಮಿ.ಮೀ. ಪಟ್ಟಿ ಕೊಟ್ಟರೆ ತಟ್ಟೆ ಜಾರುವ ಹಳಿ ಆಯಿತು. ಪಟ್ಟಿಗೆ ಎರಡು ಸಣ್ಣ ಸ್ಕ್ರೂ ಸಾಕು. ಉಂಗುರಕ್ಕೆ ಸ್ಪಂಜಿನ ಬದಲು ಬಟ್ಟೆಯನ್ನೇ ಬೆರಳು ದಪ್ಪ ಸುರುಳಿ ಸುತ್ತಿ ತಟ್ಟೆಯಲ್ಲಿ ಒತ್ತಾಗಿ ಜೋಡಿಸಿ.

ಪಾಲಿಶ್

ಹೊರಗೂ ಒಳಗೂ ಶೆಲಾಕ್. ಅರಗಿನ ಹುಳು ಕೊಡುವ ಅರಗನ್ನೇ ಶುದ್ಧ ಮಾಡಿದ್ದು. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಶೆಲಾಕ್ ಚಕ್ಕೆ ಹಾಕಿ ರಾತ್ರಿ ಇಡೀ ಬಿಡಿ, ಬಟ್ಟೆಯಲ್ಲಿ ಸೋಸಿ. ಹತ್ತಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಅದ್ದಿ, ಎಳೆಯ ಉದ್ದಕ್ಕೆ ತೆಳುವಾಗಿ ಸವರಿ. ಆರೇಳು ಸಲ. ಮಳೆ ಸುರಿಯುವ ದಿನ ಬೇಡ, ತೇವ ಸೇರಿ ಬಿಳಿ ಮಂಜು ಹಿಡಿಯುತ್ತದೆ. ಕಲಸಿ ಆರು ತಿಂಗಳು ದಾಟಿದ ಶೆಲಾಕ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯಬಹುದು, ಗಾಜಿನ ಮೇಲೆ ಒಂದು ಹನಿ ಹಾಕಿ ಪರೀಕ್ಷೆ ಮಾಡಿ.

ಪಾಲಿಯುರೆಥೇನ್ (ಪ್ಲಾಸ್ಟಿಕ್ ಥರದ ವಾರ್ನಿಷ್) ಇನ್ನೂ ಗಟ್ಟಿ ಅಲ್ವಾ ಅಂದರೆ, ಹೌದು. ಆದರೆ ಗೀರು ಬಿದ್ದರೆ ಪೂರ್ತಿ ಕೆರೆಯಬೇಕು. ಶೆಲಾಕ್ ಮೇಲೆ ಹೊಸ ಶೆಲಾಕ್ ಸವರಿದರೆ ಹಳೆಯ ಪದರ ಕರಗಿ ಒಂದಾಗುತ್ತದೆ. ಅಗಸೆ ಎಣ್ಣೆಯನ್ನು ಒಳಗೆ ಹಚ್ಚಬೇಡಿ, ಮುಚ್ಚಿದ ಪೆಟ್ಟಿಗೆಯಲ್ಲಿ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹೊರಗೆ ಹಚ್ಚಿದರೂ ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಗಲು ಹಾಕಿ.

ಶೆಲಾಕ್‌ಗೆ ದೊಡ್ಡ ಶತ್ರು ಸ್ಪಿರಿಟ್. ಸೆಂಟಿನಲ್ಲಿ ಇರುವುದು ಅದೇ. ಪೆಟ್ಟಿಗೆಯ ಮೇಲೆ ಸೆಂಟಿನ ಬಾಟಲಿ ಇಡಬಾರದು ಅಂತ ಕೊಡುವಾಗಲೇ ಹೇಳಿ.

ಕೆತ್ತನೆ, ಹೆಸರು, ಕೊಡುವುದು

ಕೆತ್ತನೆ ಬೇಕೇ ಬೇಕು ಅನ್ನುವುದಾದರೆ ಮೇಲಿನ ಹಲಗೆಯನ್ನು 10 ಮಿ.ಮೀ. ದಪ್ಪ ತೆಗೆದುಕೊಂಡು, ಅಂಚನ್ನು ಮಾತ್ರ ಗಾಡಿಗೆ ಹೊಂದುವಂತೆ 6ಕ್ಕೆ ಇಳಿಸಿ, ಜೋಡಿಸುವ ಮುಂಚೆ ಕೆತ್ತಿಸಿ. ಸಾಗರ, ಸೊರಬದ ಗುಡಿಗಾರರ ಕೈಯಲ್ಲಿ ಒಂದು ಬಳ್ಳಿ ಮೂಡಿಸಿದರೂ ಸಾಕು. ಆಳವಾದ ಕೆತ್ತನೆ ಬೇಡ, ಧೂಳು ಕೂತು ಹಲ್ಲುಜ್ಜುವ ಬ್ರಶ್ ಹಿಡಿದು ಕೂರಬೇಕಾಗುತ್ತದೆ. ಹೆಸರನ್ನು ಮುಚ್ಚಳದ ಮೇಲೆ ಹಾಕಬೇಡಿ. ಪೆಟ್ಟಿಗೆ ಮುಂದೆ ಇನ್ನೊಬ್ಬರದಾಗಬೇಕಲ್ಲವೇ? ತಳದ ಹೊರಮೈಯಲ್ಲಿ ಯಾರು ಮಾಡಿದ್ದು, ಯಾರಿಗೆ, ಯಾವ ವರ್ಷ, ಮರ ಎಲ್ಲಿಯದು ಅಂತ ಕಾಯಿಸಿದ ಸೂಜಿಯಿಂದ ಸುಟ್ಟು ಬರೆಯಿರಿ. ಕೆಳಗೆ ಮುಂದಿನವರ ಹೆಸರಿಗೆ ಜಾಗ ಬಿಡಿ.

ತಳದ ರಟ್ಟಿನ ಅಡಿಯಲ್ಲಿ ಒಂದು ತೆಳು ಲಕೋಟೆ ಇಡಿ. ಅದರಲ್ಲಿ ನಾಲ್ಕು ಹಿತ್ತಾಳೆ ಸ್ಕ್ರೂ, ಅದೇ ಮರದ ಒಂದು ತೆಳು ಚೂರು, ಒಳಪದರದ ಬಟ್ಟೆಯ ತುಂಡು, ಯಾವ ಅಂಟು ಯಾವ ಪಾಲಿಶ್ ಅಂತ ಬರೆದ ಚೀಟಿ. ರಿಪೇರಿಗೆ ಕೂರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಪಾಲಿಶ್ ಮುಗಿದ ಮೇಲೆ ಕನಿಷ್ಠ ಎರಡು ವಾರ ಮುಚ್ಚಳ ತೆರೆದಿಡಿ, ಆಮೇಲೆ ಒಡವೆ. ನುಸಿಗುಳಿಗೆ ಒಳಗೆ ಹಾಕಬಾರದು ಅಂತಲೂ ಹೇಳಿಕೊಡಿ. ಅಮೆರಿಕ, ಕೆನಡಾದ ಚಳಿ ಊರಿಗೆ ಹೋಗುವ ಪೆಟ್ಟಿಗೆಯಾದರೆ ಇನ್ನೊಂದು ಎಚ್ಚರ. ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ನಮ್ಮ ಏಪ್ರಿಲ್‌ಗಿಂತ ಒಣ. ಹಲಗೆಗಳನ್ನು 189ಕ್ಕೇ ಕತ್ತರಿಸಿ, ಅಲ್ಲಿ ಕುಗ್ಗುವುದೇ ಜಾಸ್ತಿ, ಹಿಗ್ಗುವುದು ಕಡಿಮೆ. ಪ್ಲಾಸ್ಟಿಕ್ ಸುತ್ತದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಒಯ್ಯಲಿ. ಹೋದ ಮೇಲೆ ಹೀಟರ್ ಪಕ್ಕ, ಕಿಟಕಿಯ ಬಿಸಿಲಿಗೆ ಇಡದೆ, ಮೊದಲ ಒಂದು ವಾರ ಖಾಲಿಯಾಗಿ ತೆರೆದಿಡಲಿ.